ಗತ್ತು ಯಾರದ್ದು, ಸೊಕ್ಕು ಯಾರದ್ದು

ಎದೆಯೆತ್ತಿ, ಕೈ ಬೀಸಿ, ನೆಲ ತನ್ನದೇ ಎಂಬಂತೆ ನಡೆಯುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಗತ್ತು, ಠೀವಿ, ಬಿಂಕ, ಬಿಗುಮಾನ, ಜಂಬ, ದೌಲತ್ತು, ಧಿಮಾಕು, ಸೊಕ್ಕು, ಕೊಬ್ಬು. ನಿಘಂಟಿನಲ್ಲಿ ಇವೆಲ್ಲ ಅಕ್ಕಪಕ್ಕದ ಮನೆಯವು. ಬಳಕೆಯಲ್ಲಿ ಮಾತ್ರ ಒಂದರ ಬೀದಿಗೆ ಇನ್ನೊಂದು ಕಾಲಿಡುವುದಿಲ್ಲ. ಊರ ಗೌಡರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಳ್ಳುತ್ತ ಸಂತೆಬೀದಿಯಲ್ಲಿ ನಡೆದರೆ ಅದು ಠೀವಿ. ಅವರ ಆಳು ಅದೇ ಬೀದಿಯಲ್ಲಿ ಅದೇ ನಡಿಗೆ ನಡೆದರೆ 'ಎಷ್ಟು ಕೊಬ್ಬು ನೋಡು ಇವನಿಗೆ'. ಹೆಂಗಸು ನಡೆದರೆ ಬಿಂಕ, ವಯ್ಯಾರ. ಅವಳು ನಿಂತು ತಿರುಗಿ ಎರಡು ಮಾತಾಡಿದರೆ ಬಜಾರಿ. ನಡಿಗೆ ಒಂದೇ, ಹೆಸರು ಬೇರೆ. ಅಂದರೆ ಈ ಪದಗಳು ನಡಿಗೆಯನ್ನು ವರ್ಣಿಸುತ್ತಿಲ್ಲ, ನಡೆಯುವವರು ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನು ಹೇಳುತ್ತಿವೆ.

ನಮ್ಮ ತರಗತಿಗಳಲ್ಲಿ ಗತ್ತಿನ ಪಾತ್ರಗಳನ್ನು ಓದುವ ಕ್ರಮ ಹೆಚ್ಚುಕಡಿಮೆ ಒಂದೇ ಬಗೆಯದು. ಅಹಂಕಾರವಿತ್ತು, ಪೆಟ್ಟು ಬಿತ್ತು, ಗರ್ವಭಂಗವಾಯಿತು. ಪರೀಕ್ಷೆಯಲ್ಲಿ ಎಂಟು ಅಂಕದ ಉತ್ತರಕ್ಕೆ ಇದು ಸಾಕು. ಆದರೆ ಕೃತಿಗಳು ಇದಕ್ಕಿಂತ ಜಾಣತನದಿಂದ ವರ್ತಿಸುತ್ತವೆ. ಅವು ಕೇಳುವ ಪ್ರಶ್ನೆ 'ಇವನಿಗೇಕೆ ಇಷ್ಟು ಗರ್ವ' ಎಂಬುದಲ್ಲ. 'ಈ ಗತ್ತನ್ನು ಯಾರು ನೋಡುತ್ತಿದ್ದಾರೆ, ಇದರ ಬೆಲೆ ಯಾರು ತೆರುತ್ತಾರೆ' ಎಂಬುದು.

ಉತ್ತರಕುಮಾರನಿಂದಲೇ ಶುರುಮಾಡೋಣ. ಬಡಾಯಿಗೆ ಕನ್ನಡದಲ್ಲಿ ಇವನಿಗಿಂತ ದೊಡ್ಡ ಬ್ರ್ಯಾಂಡ್ ಅಂಬಾಸಿಡರ್ ಇಲ್ಲ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಮಹಾಭಾರತ ಓದದವರ ಬಾಯಲ್ಲೂ ಇದೆ. ಅದು ಇಷ್ಟು ಗಟ್ಟಿಯಾಗಿ ನೆಲೆನಿಲ್ಲಲು ಕುಮಾರವ್ಯಾಸನ ವಿರಾಟಪರ್ವ, ಅದನ್ನು ಊರೂರಿಗೆ ಮುಟ್ಟಿಸಿದ ಗಮಕಿಗಳು, ತಾಳಮದ್ದಲೆ, ಯಕ್ಷಗಾನ ಎಲ್ಲವೂ ಕಾರಣ. ಕೌರವರು ಗೋವುಗಳನ್ನು ಹಿಡಿದಿದ್ದಾರೆ. ವಿರಾಟ ಇನ್ನೊಂದು ದಿಕ್ಕಿಗೆ ಸೈನ್ಯದೊಂದಿಗೆ ಹೋಗಿದ್ದಾನೆ. ಸುದ್ದಿ ಬಂದಾಗ ಉತ್ತರ ಹೆಂಗಸರ ನಡುವೆ ಕೂತಿದ್ದಾನೆ. ಅಲ್ಲೇ ಮೀಸೆ ತಿರುವಿ ಭೀಷ್ಮ, ದ್ರೋಣ, ಕರ್ಣರನ್ನೆಲ್ಲ ಮಾತಿನಲ್ಲೇ ಮುಗಿಸುತ್ತಾನೆ. ಒಬ್ಬ ಸಾರಥಿ ಇದ್ದಿದ್ದರೆ ಎಂಬ ಒಂದೇ ಕೊರತೆ. ಸೈರಂಧ್ರಿಯಾಗಿರುವ ದ್ರೌಪದಿ ಆ ಕೊರತೆಯನ್ನೂ ನೀಗಿಸಿಬಿಡುತ್ತಾಳೆ: ಬೃಹನ್ನಳೆ ಇದ್ದಾಳಲ್ಲ. ನೆಪ ಹೋಯಿತು, ಇನ್ನು ಹೊರಡದೆ ಗತಿಯಿಲ್ಲ. ಕುರುಸೇನೆ ಕಣ್ಣಿಗೆ ಬಿದ್ದದ್ದೇ ತಡ, ರಾಜಕುಮಾರ ರಥದಿಂದ ಹಾರಿ ಓಟ ಕೀಳುತ್ತಾನೆ. ಹಿಂದೆ, ಜಡೆ ಬಿಚ್ಚಿಕೊಂಡು ಸೀರೆ ಹಾರಿಸಿಕೊಂಡು ಬೃಹನ್ನಳೆ.

ಗಾದೆ ಇಲ್ಲಿಗೆ ನಿಲ್ಲುತ್ತದೆ. ಗಾದೆಯೊಳಗಿನ 'ಒಲೆಯ ಮುಂದೆ' ಎಂಬ ಮಾತನ್ನು ಮಾತ್ರ ನಾವು ಯಾರೂ ನಿಂತು ನೋಡುವುದಿಲ್ಲ. ಉತ್ತರನ ತಪ್ಪು ಬಡಾಯಿ ಕೊಚ್ಚಿದ್ದಲ್ಲ, ತಪ್ಪು ಜಾಗದಲ್ಲಿ ಕೊಚ್ಚಿದ್ದು ಎಂಬ ಧ್ವನಿ ಅಲ್ಲಿದೆ. ಭೀಮ ಸಭೆಯ ನಡುವೆ ನಿಂತು ತೊಡೆ ಮುರಿಯುತ್ತೇನೆಂದರೆ ಅದು ಪ್ರತಿಜ್ಞೆ. ಉತ್ತರ ಒಲೆಯ ಮುಂದೆ ಅಂದರೆ ಬಡಾಯಿ. ಹೆಂಗಸರು ಕೇಳಿಸಿಕೊಂಡ ಮಾತಿಗೆ ಸಾಕ್ಷಿಯ ಬೆಲೆಯಿಲ್ಲ ಎಂಬ ಎಣಿಕೆ ಗಾದೆಯ ತಳದಲ್ಲಿ ಕೂತಿದೆ.

ಕತೆಯ ಮುಂದಿನ ಭಾಗ ಇನ್ನೂ ಸ್ವಾರಸ್ಯಕರ. ಗೆದ್ದ ಸುದ್ದಿ ಅರಮನೆಗೆ ಬಂದಾಗ ಬಡಾಯಿ ಮಗನಿಂದ ಅಪ್ಪನಿಗೆ ದಾಟುತ್ತದೆ. ಪಗಡೆಯಾಡುತ್ತ ವಿರಾಟ ಮಗನ ಪರಾಕ್ರಮವನ್ನು ಹೊಗಳುತ್ತಾನೆ. ಎದುರು ಕೂತ ಕಂಕಭಟ್ಟ, ಎಂದರೆ ಧರ್ಮರಾಯ, ಬೃಹನ್ನಳೆ ಜೊತೆಗಿದ್ದಮೇಲೆ ಗೆಲ್ಲದೇ ಇರುವುದು ಹೇಗೆ ಎನ್ನುತ್ತಾನೆ. ತಡೆಯಲಾರದೆ ವಿರಾಟ ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ. ರಕ್ತ ಬರುತ್ತದೆ. ಮಗನ ಬಡಾಯಿಗೆ ನಗುವ ನಾವು ಅಪ್ಪನ ಬಡಾಯಿಗೆ ಗಾದೆ ಕಟ್ಟಿಲ್ಲ, ಯಾಕೆಂದರೆ ಅವನು ರಾಜ. ಅವನ ಕೈಯಲ್ಲಿ ಎಸೆಯಲು ಏನಾದರೂ ಇರುತ್ತದೆ. ಇತ್ತ ಹಿಂದಿರುಗಿದ ಉತ್ತರ ಗೆಲುವು ತನ್ನದಲ್ಲ ಎಂದು ತಾನೇ ಹೇಳುತ್ತಾನೆ. ವ್ಯಾಸಭಾರತದಲ್ಲಿ ಕಂಕನ ಕ್ಷಮೆ ಕೇಳುವಂತೆ ಅಪ್ಪನನ್ನು ಒತ್ತಾಯಿಸುವವನೂ ಅವನೇ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಆನೆಯೇರಿ ಶಲ್ಯನ ಎದುರು ನಿಂತು, ಅವನ ಕುದುರೆಗಳನ್ನು ಕೆಡವಿ, ಅವನ ಶಕ್ತ್ಯಾಯುಧಕ್ಕೆ ಬಲಿಯಾಗುತ್ತಾನೆ. ಓಡಿಹೋದ ದಿನಕ್ಕೆ ಗಾದೆ ಇದೆ, ಓಡದೆ ನಿಂತು ಸತ್ತ ದಿನಕ್ಕೆ ಇಲ್ಲ.

ಬೃಹನ್ನಳೆಯ ಮಾತು ಬಿಟ್ಟರೆ ಇದು ಅರ್ಧ ಓದು. ಈ ಇಡೀ ಪ್ರಸಂಗದಲ್ಲಿ ಗತ್ತಿನ ಅಗತ್ಯವೇ ಇಲ್ಲದವನು ಒಬ್ಬನೇ, ಹೆಣ್ಣುಡುಗೆಯ ಅರ್ಜುನ. ಕವಚ ತೊಡಲು ಬಾರದವನಂತೆ ನಟಿಸಿ ಅಂತಃಪುರದ ಹೆಂಗಸರನ್ನು ನಗಿಸುತ್ತಾನೆ. ತನ್ನ ಬಲದ ಬಗ್ಗೆ ಅನುಮಾನವಿಲ್ಲದವನು ಮಾತ್ರ ಹೀಗೆ ನಗೆಪಾಟಲಾಗಬಲ್ಲ. ಗಂಡಸುತನದ ಗುರುತುಗಳೆಲ್ಲ ಕಳಚಿದ ದೇಹಕ್ಕೆ ಯುದ್ಧವನ್ನೂ, ಗುರುತುಗಳೆಲ್ಲ ಇರುವ ದೇಹಕ್ಕೆ ಓಟವನ್ನೂ ಕೊಟ್ಟ ಈ ಹಾಸ್ಯ ನನಗಂತೂ ಬರೀ ಹಾಸ್ಯವಾಗಿ ಕಾಣುವುದಿಲ್ಲ.

ಉತ್ತರನ ಗತ್ತಿಗೆ ನೋಡುಗರು ಬೇಕು. ನೋಡುಗರೇ ಇಲ್ಲದಲ್ಲಿ ಗತ್ತು ಏನಾಗುತ್ತದೆ? ಇದನ್ನು ರನ್ನನಷ್ಟು ಆಳವಾಗಿ ನೋಡಿದವರು ಕಡಿಮೆ. ಗದಾಯುದ್ಧದ ಇನ್ನೊಂದು ಹೆಸರು ಸಾಹಸಭೀಮವಿಜಯ. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಬರೆದ ಕಾವ್ಯ ಅದು. ಗೆಲುವು, ಬಿರುದು, ಹೆಸರು ಎಲ್ಲ ಭೀಮನ ಪಾಲಿಗೆ. ಹಾಗಿದ್ದೂ ಓದಿ ಮುಗಿಸಿದಾಗ ನೆನಪಿನಲ್ಲಿ ಉಳಿಯುವವನು ದುರ್ಯೋಧನ. ಬಿ.ಎಂ. ಶ್ರೀಕಂಠಯ್ಯನವರು ಇದನ್ನು ನಾಟಕವಾಗಿಸಲು ಹೊರಟದ್ದಕ್ಕೂ ಈ ದುರ್ಯೋಧನನ ಸೆಳೆತವೇ ಕಾರಣವಿರಬೇಕು.

ಹದಿನೆಂಟು ದಿನಗಳ ಕೊನೆಗೆ ದುರ್ಯೋಧನ ಸಂಜಯನೊಂದಿಗೆ ರಣರಂಗದಲ್ಲಿ ನಡೆಯುತ್ತಾನೆ. ರಾಜನ ನಡಿಗೆಗೆ ಬೇಕಾದ ಯಾವುದೂ ಅಲ್ಲಿಲ್ಲ. ಛತ್ರವಿಲ್ಲ, ಚಾಮರವಿಲ್ಲ, ವಂದಿಮಾಗಧರಿಲ್ಲ. ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕಿಕೊಂಡು ಹೋಗಬೇಕು. ಠೀವಿಯಿಂದ ನಡೆಯಲು ಮೊದಲು ಸಮತಟ್ಟಾದ ನೆಲ ಬೇಕು ಎಂಬುದನ್ನು ರನ್ನ ಹೇಳದೆಯೇ ತೋರಿಸುತ್ತಾನೆ. ಈ ನಡಿಗೆಯಲ್ಲಿ ಅವನು ಒಬ್ಬೊಬ್ಬರ ದೇಹದ ಮುಂದೆಯೂ ನಿಲ್ಲುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಪರಾಕ್ರಮಕ್ಕೆ ಕೈಮುಗಿಯುತ್ತಾನೆ, ಅಂಥ ಸಾವು ತನಗೂ ಬರಲಿ ಎಂದು ಬಯಸುತ್ತಾನೆ. ಬರಿಯ ಸೊಕ್ಕಿನವನಿಗೆ ಇದು ಸಾಧ್ಯವಿಲ್ಲ. ಸೊಕ್ಕು ಇನ್ನೊಬ್ಬರ ಎತ್ತರವನ್ನು ಸಹಿಸುವುದಿಲ್ಲ. ಇಲ್ಲಿ ದುರ್ಯೋಧನ ಇನ್ನೊಬ್ಬರ ಎತ್ತರವನ್ನು ಅಳೆದು ತನ್ನದನ್ನು ನಿರ್ಧರಿಸಿಕೊಳ್ಳುತ್ತಿದ್ದಾನೆ.

ಆಮೇಲೆ ಸರೋವರ. ಭೀಷ್ಮನ ಮಾತಿನಂತೆ ವೈಶಂಪಾಯನ ಕೊಳದಲ್ಲಿ ಅಡಗಿ ಕೂರುವುದು ಯುದ್ಧನೀತಿಯ ದೃಷ್ಟಿಯಿಂದ ಸರಿಯಾದ ನಡೆ. ಒಂದು ದಿನ ತಳ್ಳಿದರೆ ಬಲರಾಮ ಬರುತ್ತಾನೆ, ಅಶ್ವತ್ಥಾಮ ಬರುತ್ತಾನೆ. ಆದರೆ ದಂಡೆಯ ಮೇಲೆ ಭೀಮನ ಮೂದಲಿಕೆ ಶುರುವಾಗುತ್ತದೆ. ನೀರೊಳಗಿದ್ದೂ ಬೆವರುವ ದುರ್ಯೋಧನನ ಚಿತ್ರ ಕನ್ನಡದಲ್ಲಿ ಯಾರಿಗೆ ಗೊತ್ತಿಲ್ಲ? ಹೈಸ್ಕೂಲಿನಲ್ಲಿ ಇದನ್ನು ಅಲಂಕಾರಕ್ಕೆ ಉದಾಹರಣೆಯಾಗಿ ಓದಿ ಮುಗಿಸುತ್ತೇವೆ. ನಿಜಕ್ಕೂ ಅಲ್ಲಿ ನಡೆಯುತ್ತಿರುವುದು ಬುದ್ಧಿಗೂ ಮೈಗೂ ನಡುವಿನ ಜಗಳ. ಅಡಗಿರು ಎಂದು ಬುದ್ಧಿ ಹೇಳುತ್ತಿದೆ. ಮೈ ಕೇಳುತ್ತಿಲ್ಲ. ಜೀವ ಉಳಿಸಿಕೊಳ್ಳುವ ಉಪಾಯಕ್ಕಿಂತ ತಲೆಯೆತ್ತಿ ನಿಲ್ಲುವ ಅಭ್ಯಾಸ ಅವನ ಮೈಯಲ್ಲಿ ಹಳೆಯದು. ಅವನು ಮೇಲೆದ್ದು ಬರುತ್ತಾನೆ, ಸಾಯಲು. ಇದನ್ನು ನಾವು ಛಲ ಎಂದು ಕರೆಯುತ್ತೇವೆ. ರಾಜನಾಗಿದ್ದರಿಂದ ಈ ಒಳ್ಳೆಯ ಪದ ಸಿಕ್ಕಿತು. ಜೀತದವನೊಬ್ಬ ಧಣಿಯ ಮೂದಲಿಕೆ ತಡೆಯಲಾರದೆ ಅಡಗಿದಲ್ಲಿಂದ ಎದ್ದು ಬಂದಿದ್ದರೆ ಅದು ಮೊಂಡುತನವಾಗುತ್ತಿತ್ತು.

ಯಕ್ಷಗಾನದಲ್ಲಿ ಈ ಠೀವಿ ಒಂದು ಶಾಸ್ತ್ರವೇ ಆಗಿದೆ. ಒಡ್ಡೋಲಗದಲ್ಲಿ ವೇಷ ಮೊದಲು ಬೆನ್ನು, ಆಮೇಲೆ ಭುಜ, ಆಮೇಲೆ ಮುಖ ಎಂದು ತೆರೆಯ ಹಿಂದಿನಿಂದ ಕಂತುಕಂತಾಗಿ ತನ್ನನ್ನು ತೋರಿಸಿಕೊಳ್ಳುವಾಗ ನಮಗೆ ಕತೆ ಮುಂದೆ ಹೋಗದಿದ್ದರೂ ಬೇಸರವಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ನೋಡಲು ಜನ ನಿದ್ದೆಗೆಟ್ಟು ಕೂತದ್ದು ಖಳನ ಸಾವು ನೋಡಲಿಕ್ಕಲ್ಲ, ಸಾಯುವ ತನಕದ ಆ ಮೆರೆದಾಟ ನೋಡಲಿಕ್ಕೆ. ಊರಿನ ಬದುಕಿನಲ್ಲಿ ಯಾರಿಗೂ ಸಲ್ಲದ ಮೆರೆದಾಟಕ್ಕೆ ರಂಗಸ್ಥಳದಲ್ಲಿ ಬೆಳಗಿನ ತನಕ ಪರವಾನಗಿ ಇತ್ತು.

ಆ ಪರವಾನಗಿ ನಮ್ಮ ಕಾಲಕ್ಕೆ ಸಿನಿಮಾಕ್ಕೆ ಬಂದಿದೆ. 1972ರ 'ನಾಗರಹಾವು' ಇವತ್ತಿಗೂ ಒಳ್ಳೆಯ ಪಠ್ಯ. ತರಾಸು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಈ ಚಿತ್ರದಲ್ಲಿ ಎರಡು ಗತ್ತುಗಳಿವೆ. ವಿಷ್ಣುವರ್ಧನರ ರಾಮಾಚಾರಿಯದು ಒಂದು, ಅಂಬರೀಶರ ಜಲೀಲನದು ಇನ್ನೊಂದು. ರಾಮಾಚಾರಿಯ ಸಿಡುಕು, ಬುಸುಗುಟ್ಟುವ ಮೈ, ದುರ್ಗದ ಬಂಡೆಗಳ ಮೇಲಿನ ಓಡಾಟ ಎಲ್ಲವೂ ಚಾಮಯ್ಯ ಮೇಷ್ಟ್ರ ಒಂದು ಮಾತಿನ ಎದುರು ಕರಗಿಹೋಗುತ್ತವೆ. ಆ ಕರಗುವಿಕೆಯನ್ನು ಗುರುಭಕ್ತಿ ಎಂದು ಎರಡು ತಲೆಮಾರು ಕಣ್ಣೀರಿಟ್ಟು ನೋಡಿದೆ. ನನಗೆ ಅದು ಚಿತ್ರದ ಅತ್ಯಂತ ಕ್ರೂರ ಸಂಗತಿ. ಹುಡುಗನ ಗತ್ತು ಊರಿನ ಕಟ್ಟಳೆಗೆ ಎದುರಾಗಿ ನಿಲ್ಲಬೇಕಾದ ಹೊತ್ತಿಗೆ, ಎಂದರೆ ಅಲಮೇಲುವಿನ ವಿಷಯದಲ್ಲಿ, ಮೇಷ್ಟ್ರು ಅದನ್ನು ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತಾರೆ. ಜಗಳಕ್ಕೆ, ಹೊಡೆದಾಟಕ್ಕೆ ಇದ್ದ ಗತ್ತು ಜಾತಿಯ ಎದುರು ಮಾತ್ರ ಇರಕೂಡದು. ಜಲೀಲನದು ಇನ್ನೂ ಅಗ್ಗದ ಗತ್ತು. ದಾರಿಯಲ್ಲಿ ಹೋಗುವ ಹುಡುಗಿಯ ಹೆದರಿಕೆಯೇ ಅದರ ಬಂಡವಾಳ. ಪ್ರೇಕ್ಷಕರು ಅದಕ್ಕೂ ಶಿಳ್ಳೆ ಹೊಡೆದರು. ಒಬ್ಬ ಹೊಸ ನಟನನ್ನು ಜನ ಮೆಚ್ಚಿಕೊಂಡದ್ದು ಈ ಪಾತ್ರದಿಂದ ಎಂಬುದು ನಮ್ಮ ಬಗ್ಗೆ ಏನನ್ನೋ ಹೇಳುತ್ತದೆ.

2018ರ 'ಕೆಜಿಎಫ್' ಬರುವ ಹೊತ್ತಿಗೆ ಮೇಷ್ಟ್ರು ಇಲ್ಲವಾಗಿದ್ದಾರೆ. ಅವರ ಜಾಗದಲ್ಲಿ ಸತ್ತ ತಾಯಿಗೆ ಕೊಟ್ಟ ಮಾತಿದೆ. ಈ ಚಿತ್ರದ ತಂತ್ರ ಗಮನಿಸಬೇಕಾದದ್ದು. ಉತ್ತರಕುಮಾರ ತನ್ನ ಬಡಾಯಿಯನ್ನು ತಾನೇ ಹೇಳಿಕೊಂಡು ಕೆಟ್ಟ. ರಾಕಿಯ ಬಡಾಯಿಯನ್ನು ಬೇರೆಯವರು ಹೇಳುತ್ತಾರೆ. ಅನಂತನಾಗ್ ಅವರ ಗಂಭೀರ ದನಿಯಲ್ಲಿ ಆನಂದ್ ಇಂಗಳಗಿ ಎಂಬ ಹಿರಿಯ ಪತ್ರಕರ್ತ ಕತೆ ಹೇಳುತ್ತಾನೆ. ನಾಯಕ ನಿಧಾನಗತಿಯಲ್ಲಿ ನಡೆದು ಬಂದರೆ ಸಾಕು. ಚರಿತ್ರೆಕಾರನನ್ನು ಜೊತೆಗಿಟ್ಟುಕೊಂಡ ಗತ್ತು ಇದು. ಆಸ್ಥಾನಕವಿಗಳ ಕಾಲಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ರನ್ನನ ಹಾಗೆ ಸೋತವನ ಕಡೆ ಜಾರುವ ಕವಿ ಮಾತ್ರ ಇಲ್ಲಿಲ್ಲ. ಕೂಲಿ ಮುಗಿಸಿ ಬಂದ ಹುಡುಗ ಮುಂದಿನ ಸಾಲಿನಲ್ಲಿ ಕೂತು ಆ ನಡಿಗೆಯನ್ನು ಮೂರು ಗಂಟೆ ಬಾಡಿಗೆಗೆ ತೆಗೆದುಕೊಳ್ಳುವುದನ್ನು ನಾನು ಗೇಲಿ ಮಾಡಲಾರೆ. ಹಗಲಿಡೀ ತಲೆತಗ್ಗಿಸಿದ ಕತ್ತಿಗೆ ಅದೊಂದು ವಿಶ್ರಾಂತಿ. ಚಿತ್ರದ ಗಣಿಯೊಳಗೆ ಅವನಂಥ ಸಾವಿರ ಜನರಿದ್ದಾರೆ. ಅವರಿಗೆ ಹೆಸರಿಲ್ಲ, ನಡಿಗೆಯಿಲ್ಲ, ಕಾಯುವುದಷ್ಟೇ ಇದೆ.

ಹೆಂಗಸರ ಗತ್ತಿಗೆ ಕನ್ನಡದಲ್ಲಿ ಒಳ್ಳೆಯ ಪದ ಇಲ್ಲವೆಂದು ಆಗಲೇ ಸೂಚಿಸಿದೆ. ಪೂರ್ಣಚಂದ್ರ ತೇಜಸ್ವಿ ಆ ಕೊರತೆಯನ್ನೇ ಶೀರ್ಷಿಕೆಯಾಗಿಸಿದರು. 'ಕಿರಗೂರಿನ ಗಯ್ಯಾಳಿಗಳು' ಕತೆಯಲ್ಲಿ ಗಯ್ಯಾಳಿ ಎಂಬ ಬೈಗುಳವನ್ನು ಅವರು ತಿದ್ದಲು ಹೋಗುವುದಿಲ್ಲ, ಧೀರೆ ಎಂಬಂಥ ಸಂಸ್ಕೃತ ಪದವನ್ನು ತಂದು ಮರ್ಯಾದೆ ಕೊಡಿಸುವುದೂ ಇಲ್ಲ. ಬೈಗುಳವನ್ನು ಹಾಗೆಯೇ ಇಟ್ಟು ಅದರೊಳಗೆ ಆ ಹೆಂಗಸರನ್ನು ಆರಾಮವಾಗಿ ಓಡಾಡಲು ಬಿಡುತ್ತಾರೆ. ಕುಡಿತ, ಜಾತಿಜಗಳಗಳಲ್ಲಿ ಮುಳುಗಿದ ಗಂಡಸರ ಪೌರುಷ ಅಲ್ಲಿ ನಗೆಪಾಟಲಾಗುತ್ತದೆ. 2016ರಲ್ಲಿ ಸುಮನಾ ಕಿತ್ತೂರು ಇದನ್ನು ಸಿನಿಮಾ ಮಾಡಿದಾಗ ಜಗಳದ ಬೈಗುಳಗಳು ಕೆಲವರ ಕಿವಿಗೆ ಒರಟಾಗಿ ಕೇಳಿಸಿದವು. ಗಂಡು ನಾಯಕರು ಅದಕ್ಕಿಂತ ಕಡಿಮೆ ಮಾತಾಡಿದ್ದಾರೆಯೆ?

ಈಗ ಈ ಬರಹ ನಿಜಕ್ಕೂ ಹೋಗಬೇಕಾದ ಕಡೆಗೆ. ಗತ್ತು ಕೆಲವರಿಗೆ ಗುಣದೋಷದ ಪ್ರಶ್ನೆ, ಕೆಲವರಿಗೆ ಜೀವದ ಪ್ರಶ್ನೆ. 2017ರಲ್ಲಿ ಗುಜರಾತಿನ ಗಾಂಧಿನಗರದ ಬಳಿಯ ಲಿಂಬೋದರ ಎಂಬ ಊರಿನಲ್ಲಿ ಮೀಸೆ ಬಿಟ್ಟ ಕಾರಣಕ್ಕೆ ದಲಿತ ಯುವಕರ ಮೇಲೆ ಹಲ್ಲೆ ನಡೆದ ಸುದ್ದಿ ಬಂದಾಗ, ಅಲ್ಲಿನ ಯುವಕರು ಮೀಸೆ ತಿರುವುತ್ತಿರುವ ತಮ್ಮ ಚಿತ್ರಗಳನ್ನು ಹಂಚಿ ಉತ್ತರ ಕೊಟ್ಟರು. ಇದನ್ನು ಬಡಾಯಿ ಎನ್ನಬಹುದೆ? ಮೀಸೆ, ಚಪ್ಪಲಿ, ಮದುವೆಯ ಕುದುರೆ, ಇಸ್ತ್ರಿ ಅಂಗಿ. ಜಾತಿ ಎಂಬುದು ಮೊದಲಿಗೆ ದೇಹದ ಭಂಗಿಯ ಮೇಲಿನ ಕಾನೂನು. ಇದನ್ನು ಅಂಬೇಡ್ಕರ್ ಎಲ್ಲರಿಗಿಂತ ಚೆನ್ನಾಗಿ ಬಲ್ಲರು. 1927ರ ಮಹಾಡ್ ಸಮಾವೇಶದಲ್ಲಿ ಅವರು ಮಹಿಳೆಯರಿಗೆ ಹೇಳಿದ ಮಾತುಗಳಲ್ಲಿ ಸೀರೆ ಉಡುವ ರೀತಿಯೂ ಇತ್ತು, ಜಾತಿಯ ಗುರುತಾದ ಒಡವೆಗಳನ್ನು ಬಿಡುವ ಸಂಗತಿಯೂ ಇತ್ತು. ಅವರ ಸೂಟನ್ನು ಪಾಶ್ಚಾತ್ಯ ಮೋಹ ಎಂದು ಹಗುರ ಮಾಡುವವರು ಇಂದಿಗೂ ಇದ್ದಾರೆ. ಬರಿಮೈ ಆಯ್ದುಕೊಳ್ಳಲು ಮೊದಲು ಬಟ್ಟೆಯ ಹಕ್ಕು ಇದ್ದಿರಬೇಕು.

ಕನ್ನಡದ ದಲಿತ ಬರಹ ಈ ಭಂಗಿಯ ಪ್ರಶ್ನೆಯನ್ನು ಎದೆಯುಬ್ಬಿಸಿಯೇ ಎದುರಿಸಿದೆ ಎಂದುಕೊಂಡರೆ ತಪ್ಪಾಗುತ್ತದೆ. ಕವಿತೆಯಲ್ಲಿ ಅಬ್ಬರಿಸಿದ ಸಿದ್ಧಲಿಂಗಯ್ಯನವರು ಆತ್ಮಕತೆ 'ಊರು ಕೇರಿ'ಯಲ್ಲಿ ಬೇರೆಯೇ ದಾರಿ ಹಿಡಿಯುತ್ತಾರೆ. ಪುಸ್ತಕ ತೆರೆದುಕೊಳ್ಳುವುದೇ ಹೆಗಲ ಮೇಲೆ ನೊಗ ಹೊತ್ತು ಎತ್ತುಗಳಂತೆ ನಡೆಯುವ ಇಬ್ಬರು ಮನುಷ್ಯರ ಚಿತ್ರದಿಂದ. ಅವರಲ್ಲೊಬ್ಬರು ಲೇಖಕರ ತಂದೆ. ನಡಿಗೆಯ ಬಗ್ಗೆ ಇದಕ್ಕಿಂತ ಕಠೋರವಾದ ಚಿತ್ರ ಕನ್ನಡ ಗದ್ಯದಲ್ಲಿ ಇದೆಯೋ ಇಲ್ಲವೋ. ಆದರೆ ಅಲ್ಲಿಂದ ಮುಂದಕ್ಕೆ ಪುಸ್ತಕ ನಗಲು ಶುರುಮಾಡುತ್ತದೆ. ಡಿ.ಆರ್. ನಾಗರಾಜ್ ಈ ನಗುವನ್ನು ಬಡವರ ಶಕ್ತಿಯಾಗಿ ಕಂಡರು. ನಾನು ಅದಕ್ಕೊಂದು ಮಾತು ಸೇರಿಸಬಯಸುತ್ತೇನೆ: ಇದು ಗತ್ತಿನದೇ ಒಂದು ರೂಪ. ಅವಮಾನವನ್ನು ಹೇಳುವಾಗಲೂ ದನಿ ನಡುಗಗೊಡದೆ, ಕೇಳುಗರ ಕನಿಕರಕ್ಕೆ ಕೈಚಾಚದೆ ಕತೆ ಹೇಳುವುದು ಕಡಿಮೆ ಠೀವಿಯ ಕೆಲಸವಲ್ಲ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನೂ ಇಲ್ಲಿ ನೆನಪಾಗುತ್ತಾಳೆ. ಕಳೆದುಹೋದ ಒಂದು ಹುಂಜಕ್ಕಾಗಿ ಊರಿಡೀ ಹುಡುಕುತ್ತ ಅವಳು ಆಡುವ ಮಾತುಗಳಲ್ಲಿ ಸಾಮ್ರಾಜ್ಯ ಕಳೆದುಕೊಂಡವರ ದರ್ಪವಿದೆ. ಮನೆಯೊಳಗೆ ಹಸಿವಿದೆ, ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲು ಇದೆ. ವಿಮರ್ಶಕರು ಹಸಿವಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಸಾಕವ್ವನ ದರ್ಪದ ಬಗ್ಗೆ ಬರೆದದ್ದು ಸಾಲದು. ಬಡವರನ್ನು ಓದುವಾಗ ನಮಗೆ ಸಂಕಟವೇ ಬೇಕು, ಗತ್ತು ಸಿಕ್ಕರೆ ಏನು ಮಾಡುವುದೆಂದು ತೋಚುವುದಿಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿ ನನ್ನ ಮಟ್ಟಿಗೆ ಈ ವಿಷಯದ ಕೇಂದ್ರ. ಸಿಂಬಾವಿ ಹೆಗ್ಗಡೆಯವರ ಜೀತದಾಳು, ಹೊಲೆಯರವನು. ಅವನು ಹೋಗುವ ಮನೆಗಳಲ್ಲೆಲ್ಲ ಅವನಿಗೆ ಅಂಗಳದ ಗೆರೆಯಿದೆ. ಎಲ್ಲಿ ನಿಲ್ಲಬೇಕು, ಎಷ್ಟು ದೂರದಿಂದ ಕೂಗಬೇಕು, ಒಡೆಯರ ಎದುರು ಬೆನ್ನು ಎಷ್ಟು ಬಾಗಬೇಕು, ಎಲ್ಲವೂ ಅವನ ಮೈಗೆ ಗೊತ್ತು. ಅಂಥವನಿಗೆ ಕುವೆಂಪು ಒಂದು ನಾಯಿಯನ್ನು ಕೊಡುತ್ತಾರೆ. ನಾಯಿಯ ಹೆಸರು ಹುಲಿಯ. ಜನ ಗುತ್ತಿಯನ್ನು ಕರೆಯುವುದೇ ನಾಯಿಗುತ್ತಿ ಎಂದು. ಕರೆಯುವವರಿಗೆ ಅದು ತಮಾಷೆ ಇರಬಹುದು, ಅವನಿಗೆ ಅದು ಬಿರುದು.

ಹುಲಿಯನನ್ನು ನಾವು ಸಾಮಾನ್ಯವಾಗಿ ನಿಷ್ಠೆಯ ಸಂಕೇತವಾಗಿ, ಮಲೆನಾಡಿನ ಜೀವಜಗತ್ತಿನ ಭಾಗವಾಗಿ ಓದುತ್ತೇವೆ. ಅದೂ ಸರಿ. ಆದರೆ ಗುತ್ತಿಯ ಮೈಗೆ ನಿಷೇಧವಾದ ಗತ್ತೆಲ್ಲ ಆ ನಾಯಿಯ ಮೈಗೆ ಹೋಗಿ ಸೇರಿದೆ ಎನ್ನುವುದನ್ನು ಗಮನಿಸಿ. ಗುತ್ತಿ ಎದೆಯೆತ್ತಿ ನಡೆಯುವಂತಿಲ್ಲ, ಹುಲಿಯ ನಡೆಯಬಹುದು. ಗುತ್ತಿ ಗುರುಗುಟ್ಟುವಂತಿಲ್ಲ, ಹುಲಿಯ ಗುರುಗುಟ್ಟಿದರೆ ಒಡೆಯರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಸರಿದು ಮೆಚ್ಚಿಕೊಳ್ಳುತ್ತಾರೆ. ಆಳಿನ ಗತ್ತನ್ನು ಒಂದು ಕ್ಷಣವೂ ಸಹಿಸದ ಸಮಾಜ ಆಳಿನ ನಾಯಿಯ ಗತ್ತನ್ನು ಹೊಗಳಬಲ್ಲದು. ಈ ಸಂದಿಯಲ್ಲಿ ಗುತ್ತಿ ಬದುಕುತ್ತಾನೆ. ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಧೈರ್ಯ, ಇಬ್ಬಿಬ್ಬರು ಒಡೆಯರ ಮಾತನ್ನು ಮೀರಿ ಕಾಡಿನ ದಾರಿ ಹಿಡಿಯುವ ಧೈರ್ಯ ಅವನಿಗೆ ಎಲ್ಲಿಂದ ಬಂತು ಎಂದು ಕೇಳಿದರೆ, ಪಕ್ಕದಲ್ಲಿ ಹೆಜ್ಜೆ ಹಾಕುವ ಆ ಪ್ರಾಣಿಯನ್ನು ಬಿಟ್ಟು ಉತ್ತರ ಹೇಳಲಾಗುವುದಿಲ್ಲ.

ಕಾದಂಬರಿಯ ಕೊನೆಯ ಭಾಗದಲ್ಲಿ ಗುತ್ತಿ, ತಿಮ್ಮಿ ಮಳೆಗಾಲದ ತುಂಗೆಯನ್ನು ದಾಟುತ್ತಾರೆ. ಹೊಳೆ ತುಂಬಿ ಹರಿಯುತ್ತಿದೆ. ಆಚೆ ದಡಕ್ಕೆ ಅವರಿಬ್ಬರು ಮುಟ್ಟುತ್ತಾರೆ, ಹುಲಿಯ ಮುಟ್ಟುವುದಿಲ್ಲ. ಹಳೆಯ ಒಡೆಯರ ಅಂಗಳದಿಂದ ತಪ್ಪಿಸಿಕೊಂಡ ದಿನವೇ ಆ ಅಂಗಳಗಳಲ್ಲಿ ತನಗಾಗಿ ತಲೆಯೆತ್ತಿ ನಿಲ್ಲುತ್ತಿದ್ದ ಮೈಯನ್ನು ಅವನು ಕಳೆದುಕೊಳ್ಳುತ್ತಾನೆ. ಇನ್ನು ಮುಂದೆ ಯಾರೂ ಅವನನ್ನು ನಾಯಿಗುತ್ತಿ ಎಂದು ಕರೆಯಲಾರರು. ಆಚೆ ದಡದ ಮಣ್ಣಿನ ಮೇಲೆ ಅವನು ಹೇಗೆ ನಡೆದ ಎಂಬುದನ್ನು ಕುವೆಂಪು ಬರೆಯಲಿಲ್ಲ.